ಮಂಡಿ ನೋವಿಗೆ ಮನೋಬಲ ಸಾಲದು, ವಿಮೆಯೂ ಬೇಕು

ಓಡೋರಿಗೆ ಮಂಡಿ ನೋವು ಬಂದರೆ ನಮ್ಮಲ್ಲಿ ಸಿಗೋ ಸಲಹೆ ಒಂದೇ: ‘ಓಡೋದು ಬಿಡು’. ಬರ್ಲಿನ್‌ನಲ್ಲಿ ಓದುತ್ತಿರುವ ನನಗೆ ವೈದ್ಯರು ಹೇಳಿದ್ದು ಬೇರೆ. ಮಂಡಿಚಿಪ್ಪಿನ ಸುತ್ತ ಬರುವ ‘ರನ್ನರ್ಸ್ ನೀ’ ನೋವಿಗೆ ಸಾಮಾನ್ಯವಾಗಿ ಓಟವನ್ನೇ ಬಿಡಬೇಕಿಲ್ಲ. ದೂರ ಇಳಿಸಬೇಕು, ತೊಡೆ-ಸೊಂಟದ ಸ್ನಾಯು ಗಟ್ಟಿ ಮಾಡಬೇಕು, ಆಮೇಲೆ ಮೆಲ್ಲಗೆ ದೂರ ಹೆಚ್ಚಿಸಬೇಕು.

ಆದರೆ ವಾರಗಟ್ಟಲೆ ಫಿಸಿಯೋಥೆರಪಿಗೆ ದುಡ್ಡು ಯಾರು ಕೊಡ್ತಾರೆ? ಜರ್ಮನಿಯಲ್ಲಿ ಸಾರ್ವಜನಿಕ ಆರೋಗ್ಯ ವಿಮೆ ಕೊಡುತ್ತೆ. ವೈದ್ಯರ ಒಂದು ಚೀಟಿಗೆ ಸಾಮಾನ್ಯವಾಗಿ 6 ಸೆಷನ್. ನಾವು ಕಟ್ಟೋದು ವೆಚ್ಚದ ಶೇ. 10, ಜೊತೆಗೆ ಚೀಟಿಗೆ 10 ಯೂರೋ. ಇದೇನೂ ಬಿಟ್ಟಿಯಲ್ಲ. ವಿದ್ಯಾರ್ಥಿಗಳೂ ತಿಂಗಳು ತಿಂಗಳು ವಿಮೆ ಕಂತು ಕಟ್ಟುತ್ತೇವೆ. ಅಪಾಯಿಂಟ್‌ಮೆಂಟ್‌ಗೆ ಕಾಯಬೇಕಾಗುವುದೂ ಉಂಟು.

ಓಡೋಕೆ ಜಾಗವೂ ಬೇಕಲ್ಲ? 2008ರಲ್ಲಿ ಮುಚ್ಚಿದ ಇಲ್ಲಿನ ಟೆಂಪಲ್‌ಹೋಫ್ ವಿಮಾನ ನಿಲ್ದಾಣ 2010ರಲ್ಲಿ ಸಾರ್ವಜನಿಕ ಪಾರ್ಕ್ ಆಯ್ತು. ಅದರ ಅಂಚಿನಲ್ಲಿ ಕಟ್ಟಡ ಕಟ್ಟಲು ಸರ್ಕಾರ ಹೊರಟಾಗ, 2014ರ ಜನಮತಗಣನೆಯಲ್ಲಿ ಜನ ಬೇಡ ಅಂದರು. ಆ ಸಪಾಟು ರನ್‌ವೇಯಲ್ಲಿ ಮಂಡಿಗೆ ಹೊರೆಯಾಗುವ ಇಳಿಜಾರಿಲ್ಲ, ವಾಹನಗಳ ಕಾಟವೂ ಇಲ್ಲ.

ನಮ್ಮ ಆಯುಷ್ಮಾನ್ ಭಾರತ್ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರ ಖರ್ಚು ಭರಿಸುತ್ತೆ. ಸರ್ಕಾರಿ ಆಸ್ಪತ್ರೆಯ ಫಿಸಿಯೋಥೆರಪಿ ಕೈಗೆಟುಕದ ಗಾರೆ ಕೆಲಸದವರಿಗೆ, ಡೆಲಿವರಿ ಹುಡುಗರಿಗೆ ಸ್ವಂತ ಜೇಬೇ ಗತಿ. ಅವರ ಮಂಡಿ ಕೈಕೊಟ್ಟರೆ ನಿಲ್ಲೋದು ಓಟವಲ್ಲ, ದುಡಿಮೆ. ಫಿಟ್‌ನೆಸ್ಸನ್ನು ಬರೀ ಮನೋಬಲದ ಮಾತಾಗಿಸಿದರೆ ಇದು ಯಾರಿಗೂ ಕಾಣಲ್ಲ. ಹಾಗಾಗಿ ವೋಟು ಕೇಳಲು ಬಂದವರನ್ನು ಕೇಳೋಣ: ಹೊರರೋಗಿಗಳ ಫಿಸಿಯೋಥೆರಪಿ ವಿಮೆಗೆ ಸೇರೋದು ಯಾವಾಗ?