ನಲ್ ಸರೋವರದಲ್ಲಿ ಹಕ್ಕಿ ಯಾಕೆ ಬರೀ ಚುಕ್ಕಿ?

ಕೆಲಸಕ್ಕೆ ಅಂತ ಬೆಂಗಳೂರಿಂದ ಅಹಮದಾಬಾದ್‌ಗೆ ಬಂದು, ಕ್ಯಾಮೆರಾ ಹಿಡ್ಕೊಂಡು ಮೊದಲ ಸಲ ನಲ್ ಸರೋವರಕ್ಕೆ ಹೋದ ನಮ್ಮವರು ಹೇಳೋದು ಒಂದೇ ಮಾತು: "ರಂಗನತಿಟ್ಟಲ್ಲಿ ಎಷ್ಟು ಚೆನ್ನಾಗಿ ಬರ್ತಿತ್ತು, ಇಲ್ಲಿ ಬರೀ ಚುಕ್ಕಿ!" ನಾನೂ ಅದನ್ನೇ ಹೇಳಿದ್ದೆ. ದೊಡ್ಡ ಲೆನ್ಸ್‌ಗೆ ಇಎಂಐ ಲೆಕ್ಕ ಕೂಡ ಹಾಕಿದ್ದೆ.

ತೊಂದರೆ ಇರೋದು ಲೆನ್ಸ್‌ನಲ್ಲಲ್ಲ. ರಂಗನತಿಟ್ಟು ಒಂದು ಚದರ ಕಿಲೋಮೀಟರ್ ಕೂಡ ಇಲ್ಲ. ಅಲ್ಲಿ ಹಕ್ಕಿಗಳು ನಡುಗಡ್ಡೆಯ ಮರದಲ್ಲಿ ಗೂಡು ಕಟ್ಟಿರುತ್ತವೆ, ದೋಣಿ ಓಡಾಡೋದು ಅವಕ್ಕೆ ರೂಢಿಯಾಗಿದೆ. ಮರಿ ಇರುವ ಹಕ್ಕಿ ಸುಲಭಕ್ಕೆ ಜಾಗ ಬಿಡಲ್ಲ. ನಲ್ ಸರೋವರ ಸುಮಾರು 120 ಚದರ ಕಿಲೋಮೀಟರ್. ಚಳಿಗಾಲಕ್ಕೆ ಬರೋ ಬಾತುಗಳು, ಫ್ಲೆಮಿಂಗೊಗಳು ಇಲ್ಲಿಗೆ ಬರೋದು ಮೇಯೋದಕ್ಕೆ. ಗೂಡಿಲ್ಲ, ಮರಿಯಿಲ್ಲ. ನಾವು ಹತ್ತಿರ ಹೋದ್ರೆ ಇನ್ನೊಂದು ಮೂಲೆಗೆ ಹೋಗಿ ಕೂರ್ತವೆ, ಅಷ್ಟೇ.

ಮೊದಲ ವರ್ಷ ನಮ್ಮ ದೋಣಿಯಲ್ಲಿ ನಾಲ್ಕು ಜನ ಇದ್ವಿ. ನೀರು ಆಳ ಇಲ್ಲ, ಉದ್ದ ಕೋಲಲ್ಲಿ ತಳ್ತಾರೆ. "ಕಾಕಾ, ಇನ್ನೂ ಸ್ವಲ್ಪ ಮುಂದೆ" ಅಂತ ನಾವೇ ಹೇಳಿ ಹೇಳಿ ಹೋದ್ವಿ. ತಲೆ ಕೆಳಗೆ ಮಾಡಿ ಮೇಯ್ತಿದ್ದ ಫ್ಲೆಮಿಂಗೊಗಳು ಒಟ್ಟಿಗೆ ಕತ್ತು ಎತ್ತಿದವು. ನಾವು ನಿಲ್ಲಿಸ್ಲಿಲ್ಲ. ನೀರಿನ ಮೇಲೆ ಓಡಿ ಇಡೀ ಗುಂಪು ಹಾರಿತು. ಗುಲಾಬಿ ರೆಕ್ಕೆ, ಒಳ್ಳೇ ಫೋಟೋ, ಲೈಕೂ ಬಂತು. ಆದರೆ ಅವುಗಳ ಬೆಳಗಿನ ಊಟ ಅಲ್ಲಿಗೆ ನಿಂತಿತ್ತು. ನಮ್ಮ ಹಿಂದೆ ಇನ್ನೂ ಎಷ್ಟೋ ದೋಣಿಗಳು ಬರ್ತಿದ್ದವು. ಆ ಫೋಟೋ ಈಗ ನಾನು ಯಾರಿಗೂ ತೋರಿಸಲ್ಲ.

ಆ ಕತ್ತು ಎತ್ತೋದೇ ಗುರುತು. ಮೇಯೋದು ಬಿಟ್ಟು ನೋಡೋಕೆ ಶುರು ಮಾಡಿದ್ರೆ ಕೋಲು ನಿಲ್ಲಿಸಿ ಅನ್ನಿ. ನೇರ ನುಗ್ಗಬೇಡಿ, ಓರೆಯಾಗಿ ಹೋಗಿ, ಎದ್ದು ನಿಲ್ಲಬೇಡಿ. ಸ್ವಲ್ಪ ಹೊತ್ತು ಸುಮ್ಮನಿದ್ರೆ ಎಷ್ಟೋ ಸಲ ಅವೇ ಮೇಯ್ತಾ ಹತ್ತಿರ ಬರ್ತವೆ.

ಇನ್ನೊಂದು ಕಾಟ ಬಿಸಿಲು. ಹೊತ್ತು ಏರಿದ ಮೇಲೆ ನೀರಿನ ಮೇಲಿನ ಗಾಳಿ ಕುದಿಯೋ ಥರ ಅಲುಗಾಡುತ್ತೆ. ದೂರದ ಹಕ್ಕಿಯ ಗರಿಯೆಲ್ಲ ಕಲಸಿದ ಹಾಗೆ ಬರುತ್ತೆ. ಲಕ್ಷ ರೂಪಾಯಿ ಲೆನ್ಸ್ ಹಾಕಿದ್ರೂ ಅದು ಸರಿಹೋಗಲ್ಲ, ಬೆಳಿಗ್ಗೆ ಬೇಗ ಹೋಗೋದೇ ದಾರಿ. ಕಪ್ಪು ನೀರಲ್ಲಿ ಬಿಳಿ ಹಕ್ಕಿ ಇದ್ರೆ ಕ್ಯಾಮೆರಾ ಮೋಸಹೋಗಿ ಜಾಸ್ತಿ ಬೆಳಕು ತಗೊಳ್ಳುತ್ತೆ, ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ ನೋಡಿ.

ದೋಣಿ ಬೇಡ ಅನ್ನೋರಿಗೆ ಅಹಮದಾಬಾದ್ ಹತ್ತಿರ ಥೋಲ್ ಕೆರೆ ಇದೆ, ಏರಿ ಮೇಲೇ ನಡೀಬಹುದು, ಅದೃಷ್ಟ ಇದ್ರೆ ಸಾರಸ ಜೋಡಿ ಸಿಗುತ್ತೆ. ಸೂರತ್‌ನವರಿಗೆ ಊರಲ್ಲೇ ಗವಿಯರ್ ಕೆರೆ. ವಡೋದರಾದವರು ಡಭೋಯಿ ಕಡೆಯ ವಢವಾಣಾಕ್ಕೆ ಹೋಗಿ. ಅಲ್ಲಿಗೆ ಪಟ್ಟೆತಲೆ ಹೆಬ್ಬಾತು ಬರುತ್ತೆ. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಚಳಿಗಾಲದಲ್ಲಿ ಬರೋದು ಅದೇ ಜಾತಿ, ಊರಿನ ನೆಂಟರು ಸಿಕ್ಕ ಹಾಗಾಗುತ್ತೆ.