ಇಪ್ಪತ್ತೈದು ಚದರ ಮೀಟರಿನಲ್ಲಿ ಇಡೀ ಊರಿನ ಬೆಳೆ

ಒಂದು ಗ್ರಾಮ ಪಂಚಾಯಿತಿಯಲ್ಲಿ ಈ ವರ್ಷ ಎಕರೆಗೆ ಎಷ್ಟು ರಾಗಿ ಬಂತು? ಎಲ್ಲರ ಕಣದಲ್ಲೂ ತಕ್ಕಡಿ ಹಿಡಿದು ನಿಲ್ಲುವುದು ಆಗದ ಮಾತು. ಆದ್ದರಿಂದ ಆಯ್ದ ಕೆಲವೇ ಹೊಲಗಳಲ್ಲಿ ಚಿಕ್ಕದೊಂದು ಚೌಕದ ಬೆಳೆ ಕೊಯ್ದು, ಒಕ್ಕಿ, ತೂಗಿ, ಪಂಚಾಯಿತಿಯ ಸರಾಸರಿ ಇಳುವರಿ ಲೆಕ್ಕ ಹಾಕುತ್ತಾರೆ. ಇದೇ ಬೆಳೆ ಕಟಾವು ಪ್ರಯೋಗ. ಬೆಳೆ ವಿಮೆಯ ಪರಿಹಾರ ಸಿಗುವುದೂ ಬಿಡುವುದೂ ಈ ಸರಾಸರಿಯ ಮೇಲೆ ನಿಂತಿದೆ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗೆ ಪಂಚಾಯಿತಿಗೆ ಕನಿಷ್ಠ 4 ಪ್ರಯೋಗ. 'ನಾಲ್ಕೇ?' ಎಂದು ರೈತರು ಕೇಳುವುದು ನ್ಯಾಯವೇ. ಅದಕ್ಕೂ ಮೊದಲು ಕೇಳಬೇಕಾದದ್ದು, ಆ ಚೌಕವನ್ನು ಯಾರು ಆರಿಸಿದರು ಎಂಬುದು.

ನಿಯಮದ ಪ್ರಕಾರ ಯಾರೂ ಆರಿಸುವಂತಿಲ್ಲ. ಸಿಬ್ಬಂದಿ ಹೊಲದ ನೈಋತ್ಯ ಮೂಲೆಯಿಂದ ಶುರುಮಾಡಿ, ಉದ್ದಕ್ಕೂ ಅಗಲಕ್ಕೂ ಯಾದೃಚ್ಛಿಕ ಸಂಖ್ಯೆಗಳು ಹೇಳಿದಷ್ಟು ಹೆಜ್ಜೆ ನಡೆದು ಗೂಟ ಹೊಡೆಯಬೇಕು. ಅಲ್ಲಿಂದ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕ. ಮೂಲೆಯಿಂದ ಎದುರು ಮೂಲೆಗೆ, ಅಂದರೆ ಕರ್ಣ, 7.07 ಮೀಟರ್ ಬಂದರೆ ಚೌಕ ಸರಿಯಿದೆ ಎಂದರ್ಥ. ಗೂಟ ಬಿದ್ದಲ್ಲಿ ಪೈರು ಸೊರಗಿದ್ದರೂ ಅದನ್ನೇ ಕೊಯ್ಯಬೇಕು, ಸೊಂಪಾಗಿದ್ದರೂ ಅದನ್ನೇ. ಅಲ್ಲಿ 8 ಕಿಲೋ ಕಾಳು ಸಿಕ್ಕಿತೆನ್ನಿ, ಹೆಕ್ಟೇರಿಗೆ ಅದು 400 ಪಟ್ಟು, ಅಂದರೆ 32 ಕ್ವಿಂಟಲ್. ಕಣ್ಣಿಗೆ ಚೆನ್ನಾಗಿ ಕಂಡ ಜಾಗವನ್ನು ಕೈ ಆರಿಸಿದ್ದರೆ ಆ ಒಲವೂ 400 ಪಟ್ಟಾಗುತ್ತದೆ.

ಒಲವು ನುಸುಳುವ ಇನ್ನೊಂದು ದಾರಿ ಚೌಕದ ಸುತ್ತ ಕಟ್ಟಿದ ಹಗ್ಗದ ಅಂಚು. ಹಗ್ಗದ ಮೇಲೇ ನಿಂತ ಬುಡವನ್ನು ಒಳಗೆ ಸೇರಿಸಬೇಕೋ ಹೊರಗೆ ಬಿಡಬೇಕೋ? ಕೊಯ್ಯುವವರ ಕೈ ಸಾಮಾನ್ಯವಾಗಿ ಒಳಗೇ ಸೇರಿಸುತ್ತದೆ. ಒಂದು ಮೀಟರಿನ ಚೌಕದಲ್ಲಿ ಸುತ್ತಲೂ 10 ಸೆಂಟಿಮೀಟರ್ ಹೆಚ್ಚು ಕೊಯ್ದರೆ ಇಳುವರಿ ಶೇ 44ರಷ್ಟು ಉಬ್ಬುತ್ತದೆ. ಐದು ಮೀಟರಿನ ಚೌಕದಲ್ಲಿ ಅದೇ ತಪ್ಪು ಶೇ 8ರಷ್ಟು ಮಾತ್ರ. 1940ರ ದಶಕದಲ್ಲಿ ಇದೇ ವಿಷಯ ಭಾರತದ ಸಂಖ್ಯಾಶಾಸ್ತ್ರಜ್ಞರ ನಡುವೆ ದೊಡ್ಡ ಚರ್ಚೆಯಾಗಿತ್ತು. ಕಲ್ಕತ್ತದಲ್ಲಿ 1931ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯನ್ನು ಕಟ್ಟಿ, ಬಂಗಾಳದ ಸೆಣಬಿನ ಬೆಳೆಯನ್ನು ಮಾದರಿ ಸಮೀಕ್ಷೆಯಿಂದ ಅಳೆದ ಪಿ. ಸಿ. ಮಹಲನೋಬಿಸ್ ಚಿಕ್ಕ ತುಂಡುಗಳ ಪರ ಇದ್ದರು. ಅಂಥ ತುಂಡುಗಳು ಇಳುವರಿಯನ್ನು ಹೆಚ್ಚಿಸಿ ತೋರಿಸುತ್ತವೆ ಎಂದು ಪಿ. ವಿ. ಸುಖಾತ್ಮೆ 1946ರಲ್ಲಿ ತೋರಿಸಿಕೊಟ್ಟರು.

ಇಲ್ಲಿ ಎರಡು ಬಗೆಯ ತಪ್ಪುಗಳಿವೆ. ಹೊಲದಿಂದ ಹೊಲಕ್ಕೆ ಇಳುವರಿ ಬೇರೆಯಾಗುವುದರಿಂದ ಬರುವ ತಪ್ಪು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಹೋಗುತ್ತದೆ. ಪ್ರಯೋಗಗಳು ಹೆಚ್ಚಿದಂತೆ ಅದು ಇಳಿಯುತ್ತದೆ, ಆದರೆ ನಿಧಾನವಾಗಿ: ಅರ್ಧಕ್ಕಿಳಿಸಲು 4ರ ಬದಲು 16 ಪ್ರಯೋಗ ಬೇಕು. ಎಷ್ಟು ತಪ್ಪಿರಬಹುದೆಂದು ಅಂದಾಜು ಮಾಡಲೂ ಬರುತ್ತದೆ. ಒಲವಿನ ತಪ್ಪು ಹಾಗಲ್ಲ. ಅದು ಒಂದೇ ಕಡೆಗೆ ಎಳೆಯುತ್ತದೆ, ಸಾವಿರ ಪ್ರಯೋಗ ಮಾಡಿದರೂ ಅಲ್ಲೇ ಇರುತ್ತದೆ. ನಾಲ್ಕು ಕಡಿಮೆಯೇ, ಹೆಚ್ಚಿಸಬೇಕು. ಆದರೂ ಕಣ್ಣಂದಾಜಿನಲ್ಲಿ ಆರಿಸಿದ ನಲವತ್ತಕ್ಕಿಂತ ನಿಯಮದಂತೆ ಆರಿಸಿದ ನಾಲ್ಕನ್ನೇ ನಾನು ನಂಬುತ್ತೇನೆ.

ನಿಮ್ಮೂರಿನಲ್ಲಿ ಕಟಾವು ಪ್ರಯೋಗ ನಡೆಯುವ ದಿನ ಹೊಲದ ಬದುವಿನ ಮೇಲೆ ಹೋಗಿ ನಿಲ್ಲಿ. ಸಂಖ್ಯೆ ಏನಿತ್ತು, ಗೂಟ ಎಲ್ಲಿ ಬಿತ್ತು, ಕರ್ಣ ಅಳೆದರೇ ಎಂದು ಕೇಳಿ.