ಬೈಪಾಸ್ ಬಿಟ್ಟು ಊರೊಳಗೆ

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಟವರಿಗೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಎಂದರೆ ಹೆದ್ದಾರಿಯ ಹಸಿರು ಫಲಕಗಳು. ರೈಲಿನವರಿಗೆ ಕಿಟಕಿಯಾಚೆ ಚಹಾ ಕೊಳ್ಳುವಷ್ಟು ಹೊತ್ತಿನ ನಿಲುಗಡೆ. ಮೂರೂ ಒಂದೇ ಹಳಿಯ ಮೇಲಿನ ಊರುಗಳು. ಮೊದಲನೆಯದರಿಂದ ಕೊನೆಯದಕ್ಕೆ ಮೂವತ್ತು ಚಿಲ್ಲರೆ ಕಿಲೋಮೀಟರ್. ಇಲ್ಲಿ ಜಲಪಾತವಿಲ್ಲ, ಬೆಟ್ಟಕ್ಕೆ ಇಳಿಬಿದ್ದ ಮಂಜಿಲ್ಲ. "ನಮ್ಮೂರಾಗ ನೋಡಾಕ ಏನೈತ್ರೀ?" ಎಂದು ಊರಿನವರೇ ನಗುತ್ತಾರೆ. ಇರುವುದು ಪ್ಯಾಟಿ. ಎಲ್ಲಿಂದಲೋ ಬಂದ ಸರಕು ಇಲ್ಲಿ ತೂಕವಾಗುತ್ತದೆ, ದರ ಕಟ್ಟಿಸಿಕೊಳ್ಳುತ್ತದೆ, ಹೋಗುವಾಗ ಊರಿನ ಹೆಸರು ಅಂಟಿಸಿಕೊಂಡು ಹೋಗುತ್ತದೆ. ಅದನ್ನು ನೋಡಲೆಂದೇ ಇಳಿಯಬೇಕು.

ಹಾವೇರಿಯಲ್ಲಿ ರೈಲಿಳಿದರೆ ನಿಲ್ದಾಣಕ್ಕೆ ಮೈಲಾರ ಮಹದೇವಪ್ಪನವರ ಹೆಸರು. ಪಕ್ಕದ ಮೋಟೆಬೆನ್ನೂರಿನ ಈ ಹುಡುಗ 1930ರಲ್ಲಿ ಗಾಂಧೀಜಿಯ ಜೊತೆ ದಂಡಿಯವರೆಗೆ ನಡೆದಿದ್ದ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದ. ಜಿಲ್ಲೆಯಾಗಿ 1997ರಲ್ಲಿ ಧಾರವಾಡದಿಂದ ಬೇರೆಯಾದ ಊರಿಗೆ ಕಚೇರಿಗಳು ಬಂದಿವೆ, ಹಳೆಯ ಪ್ಯಾಟಿಯ ಓಣಿಗಳು ಮಾತ್ರ ಅಗಲವಾಗಿಲ್ಲ.

ಪುರಸಿದ್ಧೇಶ್ವರ ಗುಡಿಗೆ ಬೆಳಿಗ್ಗೆ ಹೋಗುವ ಅವಸರ ಬೇಡ. ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳು ಸಾಮಾನ್ಯವಾಗಿ ಪೂರ್ವಕ್ಕೆ ಮುಖ ಮಾಡಿದರೆ ಇದು ಪಶ್ಚಿಮಕ್ಕೆ ತಿರುಗಿ ಕೂತಿದೆ. ಸಂಜೆ ಐದರ ಬಿಸಿಲು ಮಂಟಪದೊಳಗೆ ಓರೆಯಾಗಿ ನುಗ್ಗಿದಾಗ ಬಳಪದ ಕಲ್ಲಿನ ಕಂಬಗಳ ಉಂಗುರ ಉಂಗುರವಾದ ಕಡೆತ ಒಂದೊಂದೇ ಎದ್ದು ಕಾಣುತ್ತದೆ. ಚರಕಿಯ ಮೇಲೆ ತಿರುಗಿಸಿ ಕಡೆದ ಕಲ್ಲು ಅದು. ಬೆರಳಾಡಿಸಿದರೆ ಎಲ್ಲೂ ತಡೆಯುವುದಿಲ್ಲ. ಕಟ್ಟೆಯ ಮೇಲೆ ಪಿಂಚಣಿದಾರರ ಹರಟೆ, ಅಂಗಳದಲ್ಲಿ ಹುಡುಗರ ಓಡಾಟ. ಟಿಕೆಟ್ಟು ಕೊಟ್ಟು ನೋಡುವ ಸ್ಮಾರಕಗಳಿಗಿಂತ ನನಗೆ ಇಂಥ ಬಳಕೆಯ ಗುಡಿಗಳೇ ಇಷ್ಟ.

ಹಾವೇರಿಗೆ 'ಏಲಕ್ಕಿ ಕಂಪಿನ ನಾಡು' ಎಂಬ ಬಿರುದಿದೆ. ಸುತ್ತ ಹುಡುಕಿದರೆ ಸಿಗುವುದು ಗೋವಿನಜೋಳ, ಹತ್ತಿ. ಏಲಕ್ಕಿಯ ಒಂದು ಗಿಡವೂ ಇಲ್ಲ. ಮಲೆನಾಡಿನ ಏಲಕ್ಕಿ ಘಟ್ಟದ ದಾರಿ ಹಿಡಿದು ಇಲ್ಲಿಗೆ ಬರುತ್ತಿತ್ತು. ಇಲ್ಲಿನ ಬಾವಿ ನೀರಲ್ಲಿ ಅಂಟುವಾಳ ಕಿವುಚಿ ತೊಳೆದು, ಬಿಳುಪು ಮಾಡಿ ಒಣಗಿಸಿದ ಕಾಯಿ ಮುಂಬಯಿಗೆ ಹೋಗುತ್ತಿತ್ತು. ಆ ವ್ಯಾಪಾರ ಕರಗಿತು, ಹಾರ ಉಳಿಯಿತು. ಪಟವೇಗಾರ ಮುಸ್ಲಿಂ ಮನೆತನದವರು ತಲೆಮಾರುಗಳಿಂದ ಕಟ್ಟುವ ಹಾರ ಇದು. ಒಂದೇ ಗಾತ್ರದ ದಪ್ಪ ಕಾಯಿಗಳನ್ನು ಆರಿಸಿಕೊಂಡು, ಸೂಜಿಯಿಂದ ದಾರಕ್ಕೆ ಪೋಣಿಸಿ, ನಡುನಡುವೆ ಮಣಿ, ಜರಿ, ರೇಷ್ಮೆ ಎಳೆಯ ಕುಚ್ಚು ಸೇರಿಸುತ್ತಾರೆ. ಸೂಜಿ ಸ್ವಲ್ಪ ಓರೆಯಾದರೂ ಸಿಪ್ಪೆ ಸೀಳಿ ಕಾಳು ಉದುರುತ್ತದೆ. ಆ ಕಾಯಿ ಅಡುಗೆಮನೆಗೆ. ಎಳೆ ಹೆಚ್ಚಿದಷ್ಟು ಬೆಲೆ ಹೆಚ್ಚು. ಮಂತ್ರಿಗಳ ಕೊರಳು, ಸ್ವಾಮಿಗಳ ಕೊರಳು, ಮದುಮಕ್ಕಳ ಕೊರಳು, ಯಾವುದಕ್ಕಾದರೂ ಸೈ. ಹೂವಿನ ಹಾರ ಮರುದಿನ ತಿಪ್ಪೆಗೆ ಹೋಗುತ್ತದೆ, ಇದು ಗಾಜಿನ ಚೌಕಟ್ಟಿನೊಳಗೆ ಗೋಡೆ ಏರುತ್ತದೆ.

ಬ್ಯಾಡಗಿಗೆ ಸೋಮವಾರ ಇಲ್ಲವೇ ಗುರುವಾರ ಹೋಗಬೇಕು, ಅದೂ ಜನವರಿಯಿಂದ ಮಾರ್ಚಿಯೊಳಗೆ. ಉಳಿದ ದಿನ ಹೋದರೆ ಅದು ಬರೀ ತಾಲೂಕು ಕೇಂದ್ರ. ಮಾರುಕಟ್ಟೆಯ ದಿನ ಊರು ಕಣ್ಣಿಗಿಂತ ಮೊದಲು ಮೂಗಿಗೆ ಸಿಗುತ್ತದೆ. ಎಪಿಎಂಸಿ ಗೇಟು ಇನ್ನೂ ದೂರವಿರುವಾಗಲೇ ಒಂದು ಸೀನು, ಆಮೇಲೆ ಸಾಲು ಸೀನು. ಹೊಸಬರನ್ನು ಹಮಾಲರು ಅದರಿಂದಲೇ ಗುರುತಿಸುತ್ತಾರೆ. ಅವರು ಟವೆಲ್ ಸುತ್ತಿಕೊಂಡ ಮುಖದಲ್ಲೇ ನಗುತ್ತ, ಬೆನ್ನ ಮೇಲೆ ಚೀಲ ಹೊತ್ತು ಓಡುತ್ತಿರುತ್ತಾರೆ. ದಲಾಲಿ ಅಂಗಡಿಗಳ ಮುಂದೆ ಬಾಯಿ ಬಿಚ್ಚಿದ ಒಣ ಮೆಣಸಿನಕಾಯಿ ಚೀಲಗಳು, ಒಂದೊಂದು ಲಾಟಿಗೂ ಒಂದೊಂದು ಚೀಟಿ. ಖರೀದಿದಾರ ಒಂದು ಹಿಡಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ. ಗಲಗಲ ಎಂದರೆ ಒಣಗಿದೆ. ಒಂದು ಕಾಯಿ ಮುರಿದು ಒಳಮೈ ನೋಡುತ್ತಾನೆ, ಬೆರಳ ತುದಿಗೆ ಉಜ್ಜುತ್ತಾನೆ. ಬಣ್ಣ ಉಳಿಯಿತೋ, ದರ ಮೇಲೆ. ಮುಖದಲ್ಲಿ ಮಾತ್ರ ಏನೂ ಕಾಣಗೊಡುವುದಿಲ್ಲ.

ಉದ್ದಕ್ಕೆ ಸಪೂರವಾಗಿ ಸುಕ್ಕುಗಟ್ಟಿದ್ದು ಕಡ್ಡಿ. ಮೋಟಾಗಿ ಉಬ್ಬಿ ಬೀಜ ತುಂಬಿಕೊಂಡದ್ದು ಡಬ್ಬಿ. ಖಾರಕ್ಕೆ ಗುಂಟೂರಿನದು, ಬಣ್ಣಕ್ಕೆ ಬ್ಯಾಡಗಿಯದು ಎಂಬುದು ಅಡುಗೆ ಬಲ್ಲ ಹೆಂಗಸರಿಗೆ ಹೇಳಿಕೊಡಬೇಕಾದ ಮಾತಲ್ಲ. ಇದರಿಂದ ತೆಗೆದ ಕೆಂಪು ಎಣ್ಣೆ ಮಸಾಲೆಗೂ ಹೋಗುತ್ತದೆ, ತುಟಿಯ ಬಣ್ಣಕ್ಕೂ ಹೋಗುತ್ತದೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಆದರೆ ಆ ಚೀಲಗಳ ಜೊತೆ ರಾತ್ರಿಯಿಡೀ ಲಾರಿಯಲ್ಲಿ ಕೂತು ಬಂದ ರೈತರನ್ನು ಮಾತಾಡಿಸಿ: ಬಳ್ಳಾರಿ, ರಾಯಚೂರು, ಕೊಪ್ಪಳ, ಗದಗ, ಆಂಧ್ರದ ಕರ್ನೂಲು. ಮೂಲ ಹಿಡಿದು ಹೋದರೆ ಕಾಯಿ ಕೂಡ ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕದಿಂದ ಬಂದದ್ದೇ. ಚೆಲುವಾದ ಕೆಂಪು ರಾಶಿಯ ಫೋಟೊ ತೆಗೆಯುವವರು ಇನ್ನೊಂದನ್ನೂ ನೆನಪಿಡಬೇಕು: 2024ರ ಮಾರ್ಚ್ 11ರ ಸೋಮವಾರ ದರ ಕುಸಿದಾಗ ಇದೇ ಪ್ರಾಂಗಣದಲ್ಲಿ ರೈತರ ಸಿಟ್ಟು ಭುಗಿಲೆದ್ದು ವಾಹನಗಳು ಹೊತ್ತಿ ಉರಿದವು. ಕನಕದಾಸರ ಕಾಗಿನೆಲೆ ಇದೇ ತಾಲೂಕಿನದು. ಕಣ್ಣುರಿ ಇಳಿದ ಮೇಲೆ ಹೋಗಿಬರಬಹುದು.

ರಾಣೆಬೆನ್ನೂರಿನ ಹೆಸರು ಹೇಳಿದರೆ ಕೃಷ್ಣಮೃಗ. 1974ರಲ್ಲಿ ಘೋಷಿತವಾದ ಅಭಯಾರಣ್ಯ, 119 ಚದರ ಕಿಲೋಮೀಟರ್. ಬೆಳಗಿನ ಜಾವ ಹೋದರೆ ಚಿಗರಿಯ ಹಿಂಡು ಕಾಣುವುದು ಖಂಡಿತ, ಆದರೆ ಹುಲ್ಲುಗಾವಲಿನ ಚಿತ್ರ ಮನಸ್ಸಲ್ಲಿಟ್ಟುಕೊಂಡು ಹೋಗಬೇಡಿ. ಕಾಣುವುದು ನೀಲಗಿರಿ ನೆಡುತೋಪು. ಬಯಲಲ್ಲೇ ಬದುಕುವ ಎರೆಭೂತ ಹಕ್ಕಿಗೂ ಹೆಸರಾಗಿದ್ದ ಜಾಗ ಇದು. ಈಗ ಆ ಹಕ್ಕಿ ಹೆಸರಲ್ಲಷ್ಟೇ ಇದೆ. ಇದೇ ತಾಲೂಕಿನ ಕುಮಾರಪಟ್ಟಣದಲ್ಲಿ ನೀಲಗಿರಿ ತಿರುಳಿನ ಕಾರ್ಖಾನೆ ಇದೆ. ಆ ತಿರುಳಿಗಾಗಿ ಊರ ಗಾಯರಾಣಕ್ಕೂ ನೀಲಗಿರಿ ನುಗ್ಗಿದಾಗ, ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಜನ ಆ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೋ-ಹಚ್ಚಿಕೋ ಎಂದೇ ಆ ಸತ್ಯಾಗ್ರಹ ಹೆಸರಾಯಿತು.

ಊರ ಸುತ್ತ ಸಂಜೆ ಹೊತ್ತು ಬಲೆಮನೆಗಳಲ್ಲಿ, ಹತ್ತಿ ಹೊಲಗಳಲ್ಲಿ ಹೆಣ್ಣುಮಕ್ಕಳು ಬಾಗಿ ನಿಂತಿರುವುದು ಕಂಡರೆ ಅದು ಬೀಜೋತ್ಪಾದನೆ. ನಾಳೆ ಅರಳಬೇಕಾದ ಮೊಗ್ಗು ಹಿಡಿದು, ಉಗುರಿನಿಂದಲೋ ಚಿಮುಟದಿಂದಲೋ ಅದರ ಕೇಸರ ಕಿತ್ತು ಬಿಡುತ್ತಾರೆ. ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಗಂಡು ಹೂವಿನ ಪರಾಗ ತಂದು ಸವರುತ್ತಾರೆ. ಒಂದೊಂದು ಹೂವಿಗೂ ಎರಡೆರಡು ಸಲ ಕೈ. ಹೀಗಾದ ಬೀಜ ದೇಶದ ಎಲ್ಲೆಲ್ಲೋ ಬಿತ್ತನೆಯಾಗುತ್ತದೆ. ಹಾವೇರಿ ಬೆಳೆಯದ ಏಲಕ್ಕಿಗೆ ಹೆಸರು ಕೊಟ್ಟಿತು. ರಾಣೆಬೆನ್ನೂರು ಬೆಳೆದ ಬೀಜದ ಪೊಟ್ಟಣದ ಮೇಲೆ ಕಂಪನಿಯದೇ ಹೆಸರು.

ತುಂಗಭದ್ರೆಯ ದಂಡೆಗೆ ಚೌಡದಾನಪುರದ ಮುಕ್ತೇಶ್ವರನಿದ್ದಾನೆ, ಪುರುಸೊತ್ತಿದ್ದರೆ ಬಿಡಬೇಡಿ. ನವರಾತ್ರಿಯಲ್ಲಿ ಬಂದವರು ಹತ್ತಿರದ ದೇವರಗುಡ್ಡಕ್ಕೆ ಹೋಗಲೇಬೇಕು. ಮಾಲತೇಶನ ಕಾರಣಿಕದ, ಅಂದರೆ ಭವಿಷ್ಯವಾಣಿಯ, ದಿನ ಕರಿ ಕಂಬಳಿಯ ಗೊರವಯ್ಯ ಎತ್ತರದ ಬಿಲ್ಲೇರಿ "ಸದ್ದಲೇ" ಎಂದರೆ ಅಷ್ಟೂ ಜನ ಗಪ್‌ಚಿಪ್. ಒಂದೇ ಒಂದು ಮಾತು ಆಡಿ ಆತ ಕೆಳಕ್ಕೆ ಬೀಳುತ್ತಾನೆ, ಭಕ್ತರು ಹಿಡಿದುಕೊಳ್ಳುತ್ತಾರೆ. ಆಮೇಲೆ ಶುರುವಾಗುವುದೇ ಮಜಾ. ಹಿಂಗಾರು ಮಳೆಯ ಮಾತು ಅದು ಎಂದು ಒಬ್ಬ, ಮುಖ್ಯಮಂತ್ರಿ ಕುರ್ಚಿಯ ಮಾತು ಎಂದು ಇನ್ನೊಬ್ಬ, ಎರಡೂ ಅಲ್ಲ, ಮೆಣಸಿನಕಾಯಿ ದರ ಏರುತ್ತದೆ ಎಂದು ಮಿರ್ಚಿ-ಮಂಡಕ್ಕಿ ಅಂಗಡಿಯ ಬೆಂಚಿನ ಮೇಲೆ ಕೂತ ಮೂರನೆಯವ.